ತಂತಿಯ ಇನ್ನೊಂದು ತುದಿ

ತಯಾರಿಕೆ ನಿಂತುಹೋದ ವಸ್ತುಗಳ ಮೇಲೆ ಮನುಷ್ಯನಿಗೆ ಮೋಹ ಹುಟ್ಟುವುದು ಹೊಸ ಸಂಗತಿಯೇನೂ ಅಲ್ಲ. ಗ್ರಾಮಫೋನಿನ ಮುಳ್ಳಿಗಾಗಿ ಊರೂರು ಅಲೆದವರನ್ನು ನಾವೆಲ್ಲ ಬಲ್ಲೆವು. ವಾಲ್ವಿನ ರೇಡಿಯೋ, ಕೀಲಿ ಕೊಡುವ ಗಡಿಯಾರ, ಹಳೆಯ ಕ್ಯಾಮರಾ ಇವುಗಳನ್ನು ಹುಡುಕಿ ತಂದು, ಒರೆಸಿ, ಗಾಜಿನ ಬೀರುವಿನಲ್ಲಿಟ್ಟು ಸಂತೋಷಪಡುವವರು ಪ್ರತಿ ಊರಿನಲ್ಲಿಯೂ ಒಬ್ಬಿಬ್ಬರಾದರೂ ಇರುತ್ತಾರೆ. ಈ ವಸ್ತುಗಳಿಗೆಲ್ಲ ಸಮಾನವಾದ ಒಂದು ಗುಣವಿದೆ. ಗಡಿಯಾರಕ್ಕೆ ಕೀಲಿ ಕೊಟ್ಟರೆ ಅದು ನಡೆಯುತ್ತದೆ. ಅದನ್ನು ಮಾಡಿದ ಕಂಪನಿ ಮುಚ್ಚಿ ಐವತ್ತು ವರ್ಷವಾಗಿದ್ದರೂ ನಡೆಯುತ್ತದೆ. ತನ್ನ ಕೆಲಸಕ್ಕೆ ಬೇಕಾದುದೆಲ್ಲವನ್ನೂ ಅದು ತನ್ನೊಳಗೇ ಇಟ್ಟುಕೊಂಡಿದೆ.

ಇಂದು ನಾನು ಹೇಳಹೊರಟಿರುವುದು ಅಂಥ ಸ್ವಾವಲಂಬನೆಯಿಲ್ಲದ ಒಂದು ವಸ್ತುವಿನ ವಿಚಾರ. ಟೆಲಿವಿಷನ್ನಿಗೆ ಜೋಡಿಸಿ ಆಡುವ ಪೆಟ್ಟಿಗೆಯನ್ನು ಶ್ರೋತೃಗಳು ತಮ್ಮ ಮಕ್ಕಳ ಅಥವಾ ಮೊಮ್ಮಕ್ಕಳ ಕೈಯಲ್ಲಿ ಕಂಡಿರಬಹುದು. ಗೇಮ್ ಕನ್ಸೋಲ್ ಎಂದು ಅದರ ಹೆಸರು. ಇಂದಿನ ಕನ್ಸೋಲುಗಳು ಹುಟ್ಟುವಾಗಲೇ ಇಂಟರ್‌ನೆಟ್ಟಿನ ನಂಟನ್ನು ಹೊತ್ತುಕೊಂಡು ಬರುತ್ತವೆ. ಮೂವತ್ತು ವರ್ಷಗಳ ಹಿಂದೆ ಹಾಗಿರಲಿಲ್ಲ. ಮನೆಯೊಳಗಿನ ಆಟವನ್ನು ಹೊರಗಿನ ಲೋಕಕ್ಕೆ ಜೋಡಿಸಬೇಕಾದರೆ ಸಾಮಾನ್ಯವಾಗಿ ಬೇರೆಯೇ ಒಂದು ಉಪಕರಣವನ್ನು ಕೊಂಡು ಸಿಕ್ಕಿಸಬೇಕಾಗಿತ್ತು: ಒಂದಕ್ಕೆ ಮೋಡೆಮ್, ಇನ್ನೊಂದಕ್ಕೆ ನೆಟ್‌ವರ್ಕ್ ಅಡಾಪ್ಟರ್, ಮತ್ತೊಂದಕ್ಕೆ ಉಪಗ್ರಹದ ಸಂಕೇತವನ್ನು ಹಿಡಿಯುವ ಪೆಟ್ಟಿಗೆ. ಇಂಥ ಉಪಕರಣ ಪೂರ್ತಿ ವಸ್ತುವಲ್ಲ, ಅರ್ಧ ವಸ್ತು. ಉಳಿದರ್ಧ ಎಲ್ಲೋ ದೂರದಲ್ಲಿ, ಕಂಪನಿಯ ಸರ್ವರಿನಲ್ಲೋ ಪ್ರಸಾರ ಕೇಂದ್ರದಲ್ಲೋ ಇರುತ್ತದೆ. ಒಂದು ಕೈಯಿಂದ ಚಪ್ಪಾಳೆಯಾಗದು ಎಂಬ ನಮ್ಮ ಗಾದೆ ಇದಕ್ಕಾಗಿಯೇ ಹುಟ್ಟಿದಂತಿದೆ.

ಗಡಿಯಾರದ ಕಂಪನಿ ಮುಚ್ಚಿದಾಗ ಹೊಸ ಗಡಿಯಾರ ಬರುವುದು ನಿಲ್ಲುತ್ತದೆ, ಅಷ್ಟೆ. ಆದರೆ ಇಂಥ ಉಪಕರಣವನ್ನು ಕೈಬಿಟ್ಟ ಕಂಪನಿ ಕ್ರಮೇಣ ದೂರದ ಆ ತುದಿಯನ್ನೂ ಮುಚ್ಚಿಬಿಡುತ್ತದೆ. ಅಲ್ಲಿಗೆ ಕೊಂಡವನ ಕೈಯಲ್ಲಿ ಉಳಿಯುವುದು ಪ್ಲಾಸ್ಟಿಕ್ಕಿನ ಒಂದು ತುಂಡು. ನ್ಯಾಯವಾಗಿ ನೋಡಿದರೆ ಅದರ ಬೆಲೆ ಸೊನ್ನೆಗೆ ಇಳಿಯಬೇಕು. ನಡೆದಿರುವುದು ಅದಕ್ಕೆ ವಿರುದ್ಧ. ಹರಾಜಿನ ಕಟ್ಟೆಯಲ್ಲಿ ಈ ತುಂಡುಗಳು ತಮ್ಮ ಮೊದಲ ಬೆಲೆಯ ಹಲವು ಪಟ್ಟಿಗೆ ಹೋಗುತ್ತವೆ. ಎಷ್ಟೋ ಸಲ ಅವನ್ನು ಸಿಕ್ಕಿಸಬೇಕಾದ ಕನ್ಸೋಲಿಗಿಂತಲೂ ದುಬಾರಿಯಾಗಿರುತ್ತವೆ. ಇದನ್ನು ಹುಚ್ಚು ಎಂದು ಹೇಳಿ ಮುಗಿಸುವುದು ಸುಲಭ. ಹಾಗೆ ಮುಗಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಜಪಾನಿನ ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಎಂಬ ಕನ್ಸೋಲನ್ನು ತೆಗೆದುಕೊಳ್ಳೋಣ. 1998ರ ನವೆಂಬರಿನಲ್ಲಿ ಅದು ಜಪಾನಿನಲ್ಲಿ ಬಿಡುಗಡೆಯಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕಕ್ಕೆ ಬಂತು. ತನ್ನ ಕಾಲದ ಕನ್ಸೋಲುಗಳಿಗಿಂತ ಅದು ಒಂದು ಹೆಜ್ಜೆ ಮುಂದಿತ್ತು. ಪೆಟ್ಟಿಗೆಯ ಪಕ್ಕದಲ್ಲಿಯೇ ಮೋಡೆಮ್ ಕೂತಿತ್ತು. ಅಮೆರಿಕದ ಮೋಡೆಮಿನ ವೇಗ ಸೆಕೆಂಡಿಗೆ 56 ಕಿಲೋಬಿಟ್, ಜಪಾನಿನದು 33.6. ಇಂದಿನ ಎಣಿಕೆಯಲ್ಲಿ ಇದು ಎತ್ತಿನ ಗಾಡಿ. ಹಾಗಾಗಿ ಆ ಮೋಡೆಮನ್ನು ಕಳಚಿ ಅದೇ ಜಾಗಕ್ಕೆ ಸಿಕ್ಕಿಸಬಹುದಾದ ಬ್ರಾಡ್‌ಬ್ಯಾಂಡ್ ಅಡಾಪ್ಟರ್ ಒಂದನ್ನು ಸೆಗಾ ತಯಾರಿಸಿತು. ಅದು ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 2001ರ ಜನವರಿಯಲ್ಲಿ, ಸುಮಾರು 60 ಡಾಲರಿಗೆ. ಅದೇ ತಿಂಗಳ 31ನೆಯ ತಾರೀಖು ಸೆಗಾ ಡ್ರೀಮ್‌ಕಾಸ್ಟಿನ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಮನೆಯ ಬಾಗಿಲಿಗೆ ಹೊಸ ಚಿಲಕ ಹಾಕಿಸಿದ ತಿಂಗಳಲ್ಲಿಯೇ ಮನೆ ಮಾರಾಟಕ್ಕಿದೆ ಎಂಬ ಹಲಗೆ ನೇತುಹಾಕಿದ ಹಾಗಾಯಿತು. ಅದರ ಮೇಲೆ ಅಂದು ಅಮೆರಿಕದಲ್ಲಿಯೂ ಬಹುಪಾಲು ಮನೆಗಳಿಗೆ ಬ್ರಾಡ್‌ಬ್ಯಾಂಡ್ ಬಂದಿರಲಿಲ್ಲ. ಇಂದಿನ ಕೊರತೆಯ ಬೇರು ಇರುವುದು ಇಲ್ಲಿ. ಬಯಕೆ ಹುಟ್ಟುವ ಮೊದಲೇ ವಸ್ತು ಬಂದು ಹೋಗಿಬಿಟ್ಟಿತು.

ತಮಾಷೆಯೆಂದರೆ, ಆ ಅಡಾಪ್ಟರಿನ ಒಳಗಿರುವುದು ಅಪರೂಪದ ರತ್ನವೇನೂ ಅಲ್ಲ. ಅದರ ಹೃದಯವಾಗಿರುವ ಚಿಪ್ಪು ತೈವಾನಿನ ರಿಯಲ್‌ಟೆಕ್ ಕಂಪನಿಯದು. ಅದೇ ಜಾತಿಯ ಚಿಪ್ಪು ಆ ವರ್ಷಗಳ ಅಗ್ಗದ ಕಂಪ್ಯೂಟರ್ ಕಾರ್ಡುಗಳಲ್ಲಿ ಧಾರಾಳವಾಗಿ ಬರುತ್ತಿತ್ತು. ಅಂಥ ಕಾರ್ಡು ಇಂದು ಗುಜರಿಯವನಿಗೂ ಬೇಡ. ಚಿಪ್ಪು ಒಂದೇ, ಒಂದು ಕಸ, ಇನ್ನೊಂದು ಕನಕ. ವ್ಯತ್ಯಾಸವಿರುವುದು ಅದು ಎಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಅಲ್ಲಿಂದ ಯಾರನ್ನು ತಲುಪಿಸುತ್ತದೆ ಎಂಬುದರಲ್ಲಿ.

ಯಾರನ್ನು ತಲುಪಿಸುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆ. ಸೆಗಾ ಕಂಪನಿಯ ಸೋನಿಕ್ ಟೀಮ್ ಎಂಬ ತಂಡ 2000ದ ಡಿಸೆಂಬರಿನಲ್ಲಿ ‘ಫ್ಯಾಂಟಸಿ ಸ್ಟಾರ್ ಆನ್‌ಲೈನ್’ ಎಂಬ ಆಟವನ್ನು ಹೊರತಂದಿತು. ನಾಲ್ವರು ಒಟ್ಟುಗೂಡಿ ಒಂದು ಪರಲೋಕದ ಕಾಡುಮೇಡು ಗವಿಗಳಲ್ಲಿ ಅಲೆಯುವ ಆಟ. ಅದರ ವಿಶೇಷ ಅಲೆದಾಟದಲ್ಲಿ ಇರಲಿಲ್ಲ. ಆಡುವ ನಾಲ್ವರಲ್ಲಿ ಒಬ್ಬ ಒಸಾಕಾದವನು, ಒಬ್ಬಳು ಲಿಯೋನಿನವಳು, ಇನ್ನೊಬ್ಬ ಟೆಕ್ಸಾಸಿನವನು ಆಗಿರಬಹುದಿತ್ತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅದಕ್ಕಾಗಿ ಆಟದವರು ಸಿದ್ಧ ವಾಕ್ಯಗಳ ಒಂದು ಭಂಡಾರವನ್ನು ಕೂಡಿಸಿದ್ದರು. ಜಪಾನಿಯಲ್ಲಿ ಆಯ್ದ ವಾಕ್ಯ ಫ್ರೆಂಚ್ ಪರದೆಯ ಮೇಲೆ ಫ್ರೆಂಚಾಗಿ, ಇಂಗ್ಲಿಷ್ ಪರದೆಯ ಮೇಲೆ ಇಂಗ್ಲಿಷಾಗಿ ಮೂಡುತ್ತಿತ್ತು. ಇಪ್ಪತ್ತೈದು ವರ್ಷದ ಹಿಂದೆ ಹದಿನಾರು ಹದಿನೇಳರ ಹುಡುಗನೊಬ್ಬ ನಡುರಾತ್ರಿ ಕೂತು ಭೂಮಿಯ ಆಚೆ ಬದಿಯವನಿಗೆ ‘ನನಗೆ ಸಹಾಯ ಮಾಡು’ ಎಂದು ಹೇಳಿ, ಆ ಸಹಾಯ ಬಂದುದನ್ನು ಕಣ್ಣಾರೆ ಕಂಡಿದ್ದರೆ, ಅವನು ಅದನ್ನು ಮರೆಯುತ್ತಾನೆಯೆ?

ಡ್ರೀಮ್‌ಕಾಸ್ಟ್, ಗೇಮ್‌ಕ್ಯೂಬ್ ಈ ಎರಡು ಕನ್ಸೋಲುಗಳ ಮಟ್ಟಿಗೆ ಈ ಆಟದ ಅಧಿಕೃತ ಸರ್ವರುಗಳೆಲ್ಲ 2007ರ ಹೊತ್ತಿಗೆ ನಿಂತುಹೋದವು. ಆದರೆ ಆಟ ನಿಲ್ಲಲಿಲ್ಲ. ಕಂಪನಿಯ ಸರ್ವರು ಬದುಕಿದ್ದಾಗಲೇ ಕೆಲವು ಹವ್ಯಾಸಿಗಳು ಕನ್ಸೋಲಿನಿಂದ ಹೊರಡುವ ಸಂದೇಶ ಯಾವುದು, ಅದಕ್ಕೆ ಬರುವ ಉತ್ತರ ಯಾವುದು ಎಂಬುದನ್ನು ದಾಖಲಿಸಿಕೊಂಡು, ಸರ್ವರು ಮಾಡುತ್ತಿದ್ದ ಕೆಲಸವನ್ನು ಊಹಿಸಿ ತಿಳಿದುಕೊಂಡರು. ಈ ವಿದ್ಯೆ ನಮಗೆ ತೀರ ಅಪರಿಚಿತವಲ್ಲ. ನಡುಮನೆಯಲ್ಲಿ ಒಂದೇ ಫೋನಿದ್ದ ಕಾಲದಲ್ಲಿ, ಅಪ್ಪನ ‘ಹೂಂ’, ‘ಯಾವಾಗ?’, ‘ಅಯ್ಯೋ ಪಾಪ’ ಇಷ್ಟನ್ನೇ ಕೇಳಿಸಿಕೊಂಡು ಆ ಕಡೆಯವರು ಹೇಳಿದ ಸುದ್ದಿಯನ್ನೆಲ್ಲ ಅಮ್ಮ ಅಡುಗೆಮನೆಯಿಂದಲೇ ಕಟ್ಟಿಬಿಡುತ್ತಿದ್ದಳಲ್ಲ, ಅದೇ ವಿದ್ಯೆ. ಹೀಗೆ ಕಟ್ಟಿದ ಖಾಸಗಿ ಸರ್ವರುಗಳಲ್ಲಿ ಆ ಆಟ ಇಂದಿಗೂ ನಡೆಯುತ್ತಿದೆ. ಹಣಕ್ಕಲ್ಲ, ಮುಚ್ಚಿದ ಬಾಗಿಲನ್ನು ತೆರೆಯಬೇಕೆಂಬ ಹಟಕ್ಕೆ.

ಅಡಾಪ್ಟರಿನ ಬೆಲೆ ಏಕೆ ಏರಿತೆಂಬುದಕ್ಕೆ ಉತ್ತರ ಸಿಕ್ಕಿದಂತಾಯಿತು. ದೂರದ ತುದಿಯನ್ನು ಹವ್ಯಾಸಿಗಳು ಮತ್ತೆ ಕಟ್ಟಿದ ಕೂಡಲೇ ಹತ್ತಿರದ ತುದಿಗೆ ಜೀವ ಬಂತು. ಸತ್ತ ಊರಿಗೆ ಹೋಗುವ ರೈಲಿನ ಟಿಕೆಟ್ಟನ್ನು ಯಾರೂ ಕೊಳ್ಳುವುದಿಲ್ಲ. ಊರು ಮತ್ತೆ ಬದುಕಿದೆಯೆಂದು ತಿಳಿದ ದಿನ ಹಳೆಯ ಟಿಕೆಟ್ಟಿಗೂ ಗಿರಾಕಿ ಹುಟ್ಟುತ್ತಾನೆ.

ನನ್ನ ಅಕ್ಕನ ಮೊಮ್ಮಗ ಕ್ಯಾಲಿಫೋರ್ನಿಯಾದಲ್ಲಿ ಎಂಜಿನಿಯರು. ಅವನ ಹತ್ತಿರ ಇಂಥದೊಂದು ಅಡಾಪ್ಟರ್ ಇದೆ. ಅದಕ್ಕೆ ಅವನು ತೆತ್ತ ಬೆಲೆಯನ್ನು ಅವನ ತಾಯಿಗೆ ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿರುವುದರಿಂದ ಇಲ್ಲಿಯೂ ಹೇಳಲಾರೆ.

“ಮೊದಲೇ ಮೋಡೆಮ್ ಇತ್ತಲ್ಲೋ, ಅದು ಸಾಲದೆ?” ಎಂದು ಕೇಳಿದೆ.

“ಸಾಲುತ್ತೆ ತಾತ. ಆದರೆ ಗುರಿಯಿಟ್ಟು ಹೊಡೆಯೋ ಆಟದಲ್ಲಿ ಮೋಡೆಮ್‌ನವನು ಗುಂಡಿ ಒತ್ತಿ, ಅದು ಆ ಕಡೆ ಮುಟ್ಟೋ ಹೊತ್ತಿಗೆ ಎದುರಾಳಿ ಅಲ್ಲಿರೋದೇ ಇಲ್ಲ. ಅಡಾಪ್ಟರ್ ಇರೋರ ಜೊತೆ ಆಡಬೇಕು ಅಂದರೆ ನಮ್ಮ ಹತ್ತಿರಾನೂ ಅಡಾಪ್ಟರ್ ಇರಬೇಕು.”

“ಆಡುವವರು ಎಷ್ಟು ಮಂದಿ ಇರುತ್ತೀರಿ?”

“ಶನಿವಾರ ರಾತ್ರಿ ಎಂಟು ಜನ ಸೇರಿದರೆ ಹಬ್ಬ ತಾತ” ಎಂದ.

ಆ ಎಂಟೇ ಜನರಿಗಾಗಿ ಅವನು ಅಷ್ಟು ಹಣ ತೆತ್ತಿದ್ದ. ನಮ್ಮ ಊರುಗಳಲ್ಲಿ ತಾಳಮದ್ದಲೆಗೆ ಅರ್ಥಧಾರಿಗಳು ಕೂಡದಿದ್ದರೆ ಹತ್ತು ಮೈಲಿ ನಡೆದು ಹೋಗಿ ಕರೆತರುತ್ತಿದ್ದವರ ನೆನಪಾಗಿ ನಾನು ಮುಂದೆ ಏನೂ ಕೇಳಲಿಲ್ಲ.

ಅಡಾಪ್ಟರನ್ನು ಕೊಳ್ಳಲಾರದವರಿಗೂ ಒಂದು ದಾರಿ ಹೊಳೆಯಿತು. ಅವರ ಬಳಿ ಮೋಡೆಮ್ ಇದೆ, ಆದರೆ ಅದು ಕರೆ ಮಾಡಬೇಕಾದ ದೂರವಾಣಿ ಸಂಖ್ಯೆಗಳೆಲ್ಲ ಇಲ್ಲವಾಗಿವೆ. ಎಷ್ಟೋ ಮನೆಗಳಲ್ಲಿ ದೂರವಾಣಿಯ ತಂತಿಯೇ ಇಲ್ಲ. ಬ್ರಿಟನ್ನಿನ ಒಬ್ಬ ಪ್ರೋಗ್ರಾಮರು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಒಂದು ಸಾಧಾರಣ ಮೋಡೆಮ್ ಜೋಡಿಸಿ ‘ಡ್ರೀಮ್‌ಪೈ’ ಎಂಬ ಏರ್ಪಾಟನ್ನು ಮಾಡಿದರು. ಕನ್ಸೋಲಿನ ತಂತಿಯನ್ನು ಅದಕ್ಕೆ ಸಿಕ್ಕಿಸಿದರೆ, ದೂರವಾಣಿ ಕೇಂದ್ರದ ಡಯಲ್ ಟೋನನ್ನು ಅದೇ ನುಡಿಸುತ್ತದೆ. ಕನ್ಸೋಲು ನಂಬುತ್ತದೆ, ಇಪ್ಪತ್ತು ವರ್ಷ ಹಿಂದಿನ ಸಂಖ್ಯೆಯನ್ನು ಶ್ರದ್ಧೆಯಿಂದ ಒತ್ತುತ್ತದೆ. ಪೈ ಫೋನೆತ್ತಿಕೊಂಡು ಅದನ್ನು ಇಂದಿನ ಇಂಟರ್‌ನೆಟ್ಟಿಗೆ ಸೇರಿಸುತ್ತದೆ. ಯಂತ್ರಕ್ಕೆ ಹೇಳಿದ ಈ ಸುಳ್ಳಿನಷ್ಟು ನಿರುಪದ್ರವಿಯಾದ ಸುಳ್ಳನ್ನು ನಾನು ಇನ್ನೊಂದು ಕಂಡಿಲ್ಲ.

ನಿಂಟೆಂಡೊ ಕಂಪನಿಯ ಗೇಮ್‌ಕ್ಯೂಬಿನ ಕಥೆ ಇನ್ನೂ ವಿಚಿತ್ರವಾದುದು. 2002ರಲ್ಲಿ ಅದಕ್ಕೂ ಒಂದು ಮೋಡೆಮ್, ಒಂದು ಬ್ರಾಡ್‌ಬ್ಯಾಂಡ್ ಅಡಾಪ್ಟರ್ ಬಂದವು; ಪೆಟ್ಟಿಗೆಯ ಅಡಿಯ ಕಿಂಡಿಗೆ ಅವನ್ನು ಸಿಕ್ಕಿಸಬೇಕು. ನಿಂಟೆಂಡೊಗೆ ಅಂದು ಈ ದಾರಿಯಲ್ಲಿ ಮನಸ್ಸಿರಲಿಲ್ಲ. ಇಂಟರ್‌ನೆಟ್ಟಿನ ಮೂಲಕ ಆಡುವ ಆಟವೆಂದು ಹೊರಬಂದವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹೆಚ್ಚಿನವು ಮೇಲೆ ಹೇಳಿದ ಫ್ಯಾಂಟಸಿ ಸ್ಟಾರಿನ ಮುಂದುವರಿಕೆಗಳೇ. 2003ರ ‘ಮಾರಿಯೋ ಕಾರ್ಟ್: ಡಬಲ್ ಡ್ಯಾಶ್’, ‘ಕರ್ಬಿ ಏರ್ ರೈಡ್’ ಮುಂತಾದ ಮೂರು ಆಟಗಳಿಗೆ ಒಂದೇ ಮನೆಯೊಳಗೆ ಹಲವು ಕನ್ಸೋಲುಗಳನ್ನು ಜೋಡಿಸುವ ಸೌಕರ್ಯವಿತ್ತು. ಇಷ್ಟಕ್ಕಾಗಿ ಅಡಾಪ್ಟರ್ ಕೊಂಡವರು ಸಹಜವಾಗಿಯೇ ಕಡಿಮೆ.

ಆದರೆ ಹವ್ಯಾಸಿಗಳ ಕಣ್ಣಿಗೆ ಅದರಲ್ಲಿ ಬೇರೊಂದು ಕಂಡಿತು. ಗೇಮ್‌ಕ್ಯೂಬಿನಲ್ಲಿ ಕಂಪನಿಯ ಅನುಮತಿಯಿಲ್ಲದ ಯಾವ ಪ್ರೋಗ್ರಾಮೂ ನಡೆಯುವಂತಿರಲಿಲ್ಲ. ಫ್ಯಾಂಟಸಿ ಸ್ಟಾರ್ ಮಾತ್ರ ಸರ್ವರು ಕಳಿಸಿದ ಸಂಕೇತವನ್ನು ನಂಬಿ ನಡೆಸುತ್ತಿತ್ತು. ಆಗಲಿ, ಸರ್ವರೇ ನಾವಾದರಾಯಿತು ಎಂದು ಅವರು ತಮ್ಮ ಕಂಪ್ಯೂಟರನ್ನು ಸರ್ವರಿನ ವೇಷದಲ್ಲಿ ಕೂರಿಸಿ, ಅಡಾಪ್ಟರಿನ ತಂತಿಯ ಮೂಲಕ ತಮ್ಮ ಪ್ರೋಗ್ರಾಮನ್ನೇ ಕನ್ಸೋಲಿನೊಳಕ್ಕೆ ಕಳಿಸಿದರು. ಗೇಮ್‌ಕ್ಯೂಬಿನಲ್ಲಿ ಸ್ವತಂತ್ರವಾಗಿ ಬರೆದ ಪ್ರೋಗ್ರಾಮುಗಳು ಮೊದಮೊದಲು ನಡೆದದ್ದು ಹೀಗೆ. ಡ್ರೀಮ್‌ಕಾಸ್ಟಿನಲ್ಲಿಯೂ ಅಡಾಪ್ಟರಿಗೆ ಇಂಥದೇ ಎರಡನೆಯ ಉದ್ಯೋಗ ಸಿಕ್ಕಿತು. ಆ ಕನ್ಸೋಲಿನ ತಟ್ಟೆಗಳು ಸುಮಾರು ಒಂದು ಗಿಗಾಬೈಟ್ ಹಿಡಿಯುವ ವಿಶೇಷ ಜಾತಿಯವು; ಸಾಮಾನ್ಯ ಕಂಪ್ಯೂಟರು ಅವನ್ನು ನೇರವಾಗಿ ಓದಲಾರದು. ಕನ್ಸೋಲಿಗೇ ಓದಿಸಿ, ಅಡಾಪ್ಟರಿನ ಮೂಲಕ ಹೊರಗೆ ತೆಗೆದು, ಪ್ರತಿಮಾಡಿಟ್ಟುಕೊಂಡರು. ಓಲೆಗರಿಯ ಪ್ರತಿಗಳನ್ನು ಎತ್ತಿಕೊಂಡವರ ನಾಡಿನಲ್ಲಿ ಹುಟ್ಟಿದ ನಮಗೆ, ಆ ಅಡಾಪ್ಟರ್ ಒಂದು ಕಂಠವಾಗಿ ಕಂಡರೆ ತಪ್ಪೇನೂ ಇಲ್ಲ.

ಇಂದು ಗೇಮ್‌ಕ್ಯೂಬಿನ ಅಡಾಪ್ಟರಿಗೂ ಹವ್ಯಾಸಿಗಳೇ ಮಾಡಿದ ಅಗ್ಗದ ಬದಲಿಗಳು ಬಂದಿವೆ. ಆಡಬೇಕೆನ್ನುವವನಿಗೆ ಅಷ್ಟು ಸಾಕು. ಆದರೂ ಅಸಲಿಗೆ ಗಿರಾಕಿ ತಪ್ಪಿಲ್ಲ. ಇಲ್ಲಿ ಬೇಡಿಕೆ ಎರಡು ಕವಲಾಗುತ್ತದೆ: ಒಬ್ಬನಿಗೆ ದಾರಿ ಬೇಕು, ಇನ್ನೊಬ್ಬನಿಗೆ ಬಾಗಿಲು ಬೇಕು. ದಾರಿ ಬೇಕೆನ್ನುವವನ ಮೇಲೆ ನನಗೆ ಹೆಚ್ಚು ಪ್ರೀತಿಯೆಂಬುದನ್ನು ಮುಚ್ಚಿಡುವುದಿಲ್ಲ.

ಸೆಗಾದ್ದೇ ಇನ್ನೊಂದು ಕನ್ಸೋಲಾದ ಸ್ಯಾಟರ್ನಿಗೆ 1996ರಲ್ಲಿ ಅಮೆರಿಕದಲ್ಲಿ ನೆಟ್‌ಲಿಂಕ್ ಎಂಬ ಮೋಡೆಮ್ ಬಂತು. ಅದನ್ನು ಬಳಸುವ ಆಟಗಳು ಐದೇ. ಆದರೆ ಅದು ಗೆಳೆಯನ ಮನೆಯ ಸಂಖ್ಯೆಗೆ ನೇರವಾಗಿ ಕರೆ ಮಾಡುತ್ತಿತ್ತು. ನಡುವೆ ಯಾವ ಕಂಪನಿಯ ಸರ್ವರೂ ಇರಲಿಲ್ಲ. ಆದ್ದರಿಂದ ಅದನ್ನು ಯಾರೂ ಮುಚ್ಚುವಂತೆಯೂ ಇರಲಿಲ್ಲ. ಇಬ್ಬರು ಗೆಳೆಯರು, ನಡುವೆ ಒಂದು ದೂರವಾಣಿ, ಇಷ್ಟಿದ್ದರೆ ಅದು ಬದುಕಿದೆ. ಈ ವಂಶದಲ್ಲಿ ಸುಖವಾಗಿ ಬಾಳಿದ್ದು ಅದೊಂದೇ ಎನ್ನಬೇಕು.

ಇದುವರೆಗೆ ಹೇಳಿದ ಉಪಕರಣಗಳಿಗೆಲ್ಲ ಇನ್ನೊಂದು ತುದಿಯನ್ನು ಯಾರಾದರೂ ಮತ್ತೆ ಕಟ್ಟಬಹುದಾಗಿತ್ತು. ಕಟ್ಟಲಾಗದ ತುದಿಯೊಂದಿದೆ. ಅದರ ಕಥೆಯನ್ನು ಬಾನುಲಿಯಲ್ಲಿ ಹೇಳುವುದು ಉಚಿತವಾಗಿದೆ. ಏಕೆಂದರೆ ಆ ತುದಿಯಲ್ಲಿದ್ದುದು ಒಂದು ಬಾನುಲಿ ನಿಲಯ.

1990ರಲ್ಲಿ ಜಪಾನಿನಲ್ಲಿ ಸೆಂಟ್ ಗಿಗಾ ಎಂಬ ಉಪಗ್ರಹ ಬಾನುಲಿ ಸಂಸ್ಥೆ ಹುಟ್ಟಿತು. ಜಾಹೀರಾತಿಲ್ಲ, ಗಳಿಗೆಗೊಮ್ಮೆ ಮಾತಾಡುವ ನಿರೂಪಕನಿಲ್ಲ. ಅದರ ಕಾರ್ಯಕ್ರಮಗಳು ಗಡಿಯಾರವನ್ನು ಅನುಸರಿಸದೆ ಸಮುದ್ರದ ಉಬ್ಬರವಿಳಿತವನ್ನು ಅನುಸರಿಸುತ್ತಿದ್ದವು. ಅಲೆಯ ಸದ್ದು, ಹಕ್ಕಿಯ ಸದ್ದು, ಸಂಗೀತ ಇವು ನೀರಿನೊಂದಿಗೆ ಏರಿ ನೀರಿನೊಂದಿಗೆ ಇಳಿಯುತ್ತಿದ್ದವು. ಇಂಥ ನಿಲಯ ಹಣ ಮಾಡುವುದುಂಟೆ? ಕಷ್ಟಕ್ಕೆ ಸಿಕ್ಕಿತು. ಆಗ ನಿಂಟೆಂಡೊ ಅದರಲ್ಲಿ ಪಾಲು ಕೊಂಡು, 1995ರ ಏಪ್ರಿಲಿನಿಂದ ಅದೇ ಉಪಗ್ರಹದ ಮೂಲಕ ಆಟಗಳನ್ನು ಬಿತ್ತರಿಸತೊಡಗಿತು. ಸೂಪರ್ ಫ್ಯಾಮಿಕಾಮ್ ಎಂಬ ಕನ್ಸೋಲಿನ ಅಡಿಗೆ ಜೋಡಿಸುವ ಸ್ಯಾಟಿಲಾವ್ಯೂ ಎಂಬ ಪೆಟ್ಟಿಗೆ ಅದನ್ನು ಹಿಡಿಯುತ್ತಿತ್ತು. ಬಂದ ಆಟವನ್ನು ಒಂದು ಮೆಗಾಬೈಟಿನ ಸಣ್ಣ ನೆನಪಿನ ಪ್ಯಾಕಿನಲ್ಲಿ ಬರೆದಿಟ್ಟುಕೊಳ್ಳಬಹುದಿತ್ತು. ಹೊಸದು ಬೇಕಾದಾಗ ಹಳೆಯದನ್ನು ಅಳಿಸಬೇಕಿತ್ತು.

ಅದರೊಂದಿಗೆ ಬರುತ್ತಿದ್ದ ಕಾರ್ಟ್ರಿಜ್ಜನ್ನು ಹಾಕಿದರೆ ಪರದೆಯ ಮೇಲೆ ಒಂದು ಪುಟ್ಟ ಊರು ಮೂಡುತ್ತಿತ್ತು. ಕಾರ್ಯಕ್ರಮಗಳ ಪಟ್ಟಿಯಿಲ್ಲ, ಊರಿನ ಒಂದೊಂದು ಕಟ್ಟಡ ಒಂದೊಂದು ಕಾರ್ಯಕ್ರಮ. ನಡೆದುಕೊಂಡು ಹೋಗಿ ಬಾಗಿಲು ತಟ್ಟಬೇಕು. ಆ ಕಾರ್ಟ್ರಿಜ್ಜಿಗೆ ಅವರಿಟ್ಟಿದ್ದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಹೆಸರು ಕಳವಾದ ಊರಿನ ಕಥೆ’ ಎಂದಾಗುತ್ತದೆ. ಇಂದು ಅದನ್ನು ಹಾಕಿದರೂ ಊರು ಮೂಡುತ್ತದೆ. ಆದರೆ ಆಕಾಶದಿಂದ ಏನೂ ಬರುವುದಿಲ್ಲವಾದ್ದರಿಂದ ಒಳಗೆ ಕಾರ್ಯಕ್ರಮಗಳಿಲ್ಲ. ಆ ಹೆಸರನ್ನಿಟ್ಟವರಿಗೆ ಭವಿಷ್ಯ ಗೊತ್ತಿತ್ತೋ ಏನೋ.

1995ರ ಆಗಸ್ಟಿನಲ್ಲಿ ಅಲ್ಲಿಂದ ‘ಜೆಲ್ಡಾ’ ಎಂಬ ಪ್ರಸಿದ್ಧ ಆಟದ ಒಂದು ವಿಶೇಷ ರೂಪ ವಾರಕ್ಕೊಂದರಂತೆ ನಾಲ್ಕು ಕಂತುಗಳಲ್ಲಿ ಪ್ರಸಾರವಾಯಿತು. ಆಟದ ಚಿತ್ರ ಕನ್ಸೋಲಿನಿಂದ. ಆದರೆ ಕಥೆ ಹೇಳುವ ದನಿ, ಪಾತ್ರಗಳ ಮಾತು, ವಾದ್ಯವೃಂದದ ಸಂಗೀತ ಇವೆಲ್ಲ ಅದೇ ಗಳಿಗೆಯಲ್ಲಿ ಆಕಾಶದಿಂದ. ಪರದೆಯ ಮೂಲೆಯ ಗಡಿಯಾರ ಇಂತಿಷ್ಟು ನಿಮಿಷಕ್ಕೆ ಬಂತೆಂದರೆ, ದನಿಯೊಂದು ಸಹಾಯಕ್ಕೆ ಬಂದು, ದೇಶದ ತುಂಬ ಆಡುತ್ತಿದ್ದವರೆಲ್ಲರಿಗೂ ಏಕಕಾಲಕ್ಕೆ ಒಂದು ವರ ಸಿಗುತ್ತಿತ್ತು. ಅದು ಅರ್ಧ ಆಟ, ಅರ್ಧ ಬಾನುಲಿ ನಾಟಕ. ನಿಗದಿಯಾದ ಹೊತ್ತಿಗೆ ಮನೆಯಲ್ಲಿ ಇಲ್ಲದವನಿಗೆ ಅದು ದಕ್ಕುತ್ತಿರಲಿಲ್ಲ. ಪ್ಯಾಕಿನಲ್ಲಿ ಆಟ ಉಳಿಯಬಹುದಾಗಿತ್ತು, ದನಿ ಉಳಿಯುತ್ತಿರಲಿಲ್ಲ. ನಾನೀಗ ಆಡುತ್ತಿರುವ ಈ ಮಾತನ್ನು ಯಾರೂ ಹಿಡಿದಿಡದಿದ್ದರೆ ಹದಿನೈದು ನಿಮಿಷದ ಆಚೆಗೆ ಇದಕ್ಕೆ ಅಸ್ತಿತ್ವವಿಲ್ಲ, ಹಾಗೆಯೇ ಅದೂ.

1997ರಲ್ಲಿ ಚಂದಾದಾರರ ಸಂಖ್ಯೆ ಒಂದು ಲಕ್ಷವನ್ನು ದಾಟಿತ್ತಂತೆ. ಆಮೇಲೆ ಇಳಿಯಿತು. 1999ರಲ್ಲಿ ನಿಂಟೆಂಡೊ ಕೈಬಿಟ್ಟಿತು. 2000ದ ಜೂನ್ 30ರಂದು ಪ್ರಸಾರ ನಿಂತಿತು.

ಹಾಗಾದರೆ ಹರಾಜಿನಲ್ಲಿ ಜನ ಕೊಳ್ಳುತ್ತಿರುವುದು ಏನನ್ನು? ಪೆಟ್ಟಿಗೆಯನ್ನು ಕೊಳ್ಳುವವರೂ ಇದ್ದಾರೆ. ಆದರೆ ನಿಜವಾದ ಬೇಟೆ ನಡೆಯುವುದು ಆ ಸಣ್ಣ ನೆನಪಿನ ಪ್ಯಾಕುಗಳಿಗಾಗಿ. ಖಾಲಿ ಪ್ಯಾಕಿಗೆ ಬೆಲೆಯಿಲ್ಲ. ಯಾರೋ ಬಳಸಿ, ಅಳಿಸದೆ, ಮರೆತು ಬಿಟ್ಟದ್ದು ಬೇಕು. ಹಳೆಯ ಸಾಮಾನಿನ ಅಂಗಡಿಯ ಬುಟ್ಟಿಯಲ್ಲಿ ಬಿದ್ದ ಪ್ಯಾಕಿನೊಳಗೆ, 1997ರ ಯಾವುದೋ ಸಂಜೆ ಯಾರೋ ಹುಡುಗಿ ಇಳಿಸಿಕೊಂಡು ಅಳಿಸಲು ಮರೆತ ಆಟವೊಂದು ಇರಬಹುದು. ಅದರ ಬೇರೆ ಪ್ರತಿ ಹೊರಲೋಕದಲ್ಲಿ ಎಲ್ಲಿಯೂ ಇಲ್ಲದಿರಬಹುದು. 1996ರಲ್ಲಿ ಬಿತ್ತರವಾಗಿದ್ದ ‘ಕರ್ಬಿಯ ಆಟಿಕೆ ಪೆಟ್ಟಿಗೆ’ ಎಂಬ ಕಿರು ಆಟಗಳಲ್ಲಿ ಕೆಲವು ಇದ್ದ ಪ್ಯಾಕುಗಳು 2016ರಲ್ಲಿ ಜಪಾನಿನ ಹರಾಜಿಗೆ ಬಂದಾಗ, ಹೊರದೇಶದ ಅಭಿಮಾನಿಗಳು ತಮ್ಮತಮ್ಮಲ್ಲಿ ಚಂದಾ ಎತ್ತಿ ಅವುಗಳನ್ನು ಕೊಂಡರು. ಹಾಗೆ ಕೊಂಡದ್ದು ಬೀರುವಿನಲ್ಲಿಡಲಿಕ್ಕಲ್ಲ, ಓದಿ ಎಲ್ಲರಿಗೂ ಹಂಚಲಿಕ್ಕೆ.

ಇಲ್ಲಿ ಒಂದು ಜಗಳವಿದೆ. ಅದರಲ್ಲಿ ಪಕ್ಷ ವಹಿಸದೆ ಇರಲು ನನಗೆ ಸಾಧ್ಯವಾಗದು. ಪ್ಯಾಕಿನಲ್ಲಿರುವುದು ತನ್ನೊಬ್ಬನ ಬಳಿ ಮಾತ್ರ ಇದೆಯೆಂಬುದರಿಂದಲೇ ಅದಕ್ಕೆ ಬೆಲೆಯೆಂದು ತಿಳಿದ ಸಂಗ್ರಾಹಕ ಅದನ್ನು ಪ್ರತಿ ಮಾಡಗೊಡುವುದಿಲ್ಲ. ಅವನ ವಾದ ಅವನ ಮಟ್ಟಿಗೆ ಸರಿ. ಹಣ ಅವನದು, ವಸ್ತು ಅವನದು. ಆದರೆ ಆ ಪ್ಯಾಕು ಶಿಲಾಶಾಸನವಲ್ಲ. ಅದರಲ್ಲಿರುವ ಬರವಣಿಗೆಯೆಂದರೆ ಚಿಪ್ಪಿನೊಳಗೆ ಹಿಡಿದಿಟ್ಟ ವಿದ್ಯುತ್ತಿನ ಕಣಗಳು. ಅವು ವರ್ಷ ವರ್ಷಕ್ಕೆ ನಿಧಾನವಾಗಿ ಸೋರುತ್ತವೆ. ಬೀರುವಿನ ಕತ್ತಲಲ್ಲಿ ಯಾರೂ ಮುಟ್ಟದೆಯೇ ಅದು ತಾನಾಗಿ ಅಳಿಯುತ್ತಿರುತ್ತದೆ. ಕಾಪಾಡುತ್ತಿದ್ದೇನೆಂದುಕೊಂಡವನು ಕಾಪಾಡುತ್ತಿರುವುದು ಹೊದಿಕೆಯನ್ನು ಮಾತ್ರ. ತೆರೆದು ಓದುವವನು ವಸ್ತುವಿನ ಬೆಲೆಯನ್ನು ಕಡಿಮೆ ಮಾಡಿದರೂ ಮಾಡಿಯಾನು, ಒಳಗಿರುವುದನ್ನು ಉಳಿಸುತ್ತಾನೆ. ಕೃತಿಯ ಹಕ್ಕು ಕಂಪನಿಯದಲ್ಲವೆ ಎಂದು ಕೇಳುವವರಿದ್ದಾರೆ. ಹಕ್ಕು ಕಂಪನಿಯದೇ, ಸಂದೇಹವಿಲ್ಲ. ಆದರೆ ಹಕ್ಕುಳ್ಳವರು ಬಾಗಿಲು ಹಾಕಿಕೊಂಡು ಹೋದ ಮೇಲೆ ದೀಪ ಹಚ್ಚಿಟ್ಟವರನ್ನು ಕಳ್ಳರೆಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ.

ದನಿಯ ವಿಷಯ ಬೇರೆ. ಅದು ಯಾವ ಪ್ಯಾಕಿನಲ್ಲಿಯೂ ಇಲ್ಲ. ಅಂದು ಆಡುತ್ತಿದ್ದವರಲ್ಲಿ ಕೆಲವರು ವಿಡಿಯೋ ಟೇಪಿನಲ್ಲಿ ಆಟವನ್ನು ದನಿಸಹಿತ ಮುದ್ರಿಸಿಕೊಂಡಿದ್ದರು. ಜೆಲ್ಡಾದ ಆ ಪ್ರಸಾರದ ದನಿ ಇಂದು ನಮಗೆ ಅಷ್ಟಿಷ್ಟು ಕೇಳಿಸುತ್ತಿರುವುದು ಅಂಥ ಟೇಪುಗಳಿಂದ. ಅವುಗಳ ಆಧಾರದ ಮೇಲೆ ಹವ್ಯಾಸಿಗಳು ಪ್ರಸಾರವನ್ನೇ ಮತ್ತೆ ಜೋಡಿಸಲು ದುಡಿದಿದ್ದಾರೆ. ಗಡಿಯಾರ ಹೊಂದಿಸಿ, ದನಿಯನ್ನು ಕೂಡಿಸಿ, ನಿಂತುಹೋದ ಒಂದು ಸಂಜೆಯನ್ನು ಮತ್ತೆ ನಡೆಸಲು. ಯಾರೂ ಮುದ್ರಿಸದಿದ್ದ ಸಂಜೆಗಳು ಹೋದವು. ಅವಕ್ಕೆ ಎಷ್ಟು ಬೆಲೆ ಕೂಗಿದರೂ ಹರಾಜಿಗೆ ಬರುವವರಿಲ್ಲ.

ಉಳಿದಿರುವುದು ಪ್ಯಾಕುಗಳು. ಅವುಗಳಲ್ಲಿ ಒಂದು ಕೌತುಕವಿದೆ. ಬಿತ್ತರಿಸಿದ ಕೆಲವು ಆಟಗಳಿಗೆ ಸಂಸ್ಥೆಯವರು ಲೆಕ್ಕ ಇಟ್ಟಿದ್ದರು: ಐದು ಸಲ ತೆರೆದು ಆಡಬಹುದು, ಆರನೆಯ ಸಲ ತೆರೆಯದು. ಎಷ್ಟು ಸಲ ಉಳಿದಿದೆಯೆಂಬ ಗುರುತು ಪ್ಯಾಕಿನಲ್ಲಿಯೇ ಇರುತ್ತದೆ. ಹಾಗಾಗಿ ಈ ಪ್ಯಾಕುಗಳನ್ನು ಬಲ್ಲವರು ಹೊಸದಾಗಿ ಕೈಗೆ ಬಂದುದನ್ನು ಕನ್ಸೋಲಿಗೆ ಹಾಕುವುದಿಲ್ಲ. ಮೊದಲು ಪ್ರತಿ ತೆಗೆಯುವ ಯಂತ್ರಕ್ಕೆ ಹಾಕುತ್ತಾರೆ. ಹಿಂದಿನ ಮನೆಯ ಹುಡುಗ ಮೂರು ಸಲ ಆಡಿ ಎರಡನ್ನು ಉಳಿಸಿರಬಹುದು, ಐದನ್ನೂ ಮುಗಿಸಿರಲೂಬಹುದು. ಐದೂ ಮುಗಿದಿದ್ದರೆ ಕನ್ಸೋಲು ಅದನ್ನು ತೆರೆಯಲು ಒಪ್ಪುವುದಿಲ್ಲ. ಆದರೆ ಆಟ ಒಳಗೆ ಹಾಗೆಯೇ ಇರುತ್ತದೆ, ಒಂದಕ್ಷರವೂ ಕಳೆಯದೆ, ಸೋರಿಹೋಗುವವರೆಗೆ.